ವಿಎ ಸಾಲದಲ್ಲಿ ಹೊಸ ಮನೆ: ರೆಡಿ ಇರುವುದೋ, ಬುಕ್ ಮಾಡಿ ಕಾಯುವುದೋ, ಜಾಗ ತಗೊಂಡು ಕಟ್ಟಿಸುವುದೋ?

ಅಮೆರಿಕದ ಸೇನೆಯಲ್ಲಿ ಇದ್ದು ಬಂದ ನಮ್ಮವರು ಕೆಲವರಿದ್ದಾರೆ. 2009ರಲ್ಲಿ ಶುರುವಾಗಿ 2016ರಲ್ಲಿ ನಿಂತುಹೋದ ಮಾವ್ನಿ ಯೋಜನೆಯಲ್ಲಿ ವೀಸಾದಲ್ಲಿದ್ದ ಭಾರತೀಯರೂ ಸೇನೆ ಸೇರಿದರು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಸೇರುತ್ತಿದ್ದಾರೆ. ಇವರಲ್ಲಿ ಮನೆ ತಗೊಳ್ಳುವ ಹಂತಕ್ಕೆ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ವಿಎ ಸಾಲ ಸಿಗುತ್ತೆ, ಹೊಸ ಮನೆಯೇ ಬೇಕು. ರೆಡಿ ಇರೋದನ್ನ ತಗೊಳ್ಳಲಾ, ಬಿಲ್ಡರ್ ಹತ್ತಿರ ಬುಕ್ ಮಾಡಲಾ, ಇಲ್ಲಾ ಜಾಗ ತಗೊಂಡು ಕಟ್ಟಿಸಲಾ?"

ಮೊದಲು ವಿಎ ಸಾಲ ಅಂದರೆ ಏನು ಅಂತ ಬೇಗ ಹೇಳಿಬಿಡುತ್ತೇನೆ. ವಿಎ ಅಂದರೆ ಮಾಜಿ ಸೈನಿಕರ ವಿಷಯ ನೋಡಿಕೊಳ್ಳುವ ಅಮೆರಿಕ ಸರ್ಕಾರದ ಇಲಾಖೆ. ಸೇನೆಯಿಂದ ಬಂದವರಿಗಾಗಿ ಮಾಡಿದ 1944ರ ಜಿಐ ಬಿಲ್ ಅನ್ನುವ ಕಾನೂನಿನಿಂದ ಬಂದ ಸೌಲಭ್ಯ ಇದು. ವಿಎ ಇಲಾಖೆ ನಿಮಗೆ ದುಡ್ಡು ಕೊಡುವುದಿಲ್ಲ. ಬ್ಯಾಂಕೋ ಮಾರ್ಟ್‌ಗೇಜ್ ಕಂಪನಿಯೋ ಕೊಡುತ್ತದೆ, ಸಾಮಾನ್ಯವಾಗಿ ಅದರ ಕಾಲು ಭಾಗಕ್ಕೆ ವಿಎ ಜಾಮೀನು ನಿಲ್ಲುತ್ತದೆ. ಆ ಜಾಮೀನು ಇರುವುದರಿಂದಲೇ ಡೌನ್ ಪೇಮೆಂಟ್ ಇಲ್ಲದೆ ಸಾಲ ಸಿಗುತ್ತದೆ, ಪ್ರತಿ ತಿಂಗಳ ಮಾರ್ಟ್‌ಗೇಜ್ ಇನ್ಶೂರೆನ್ಸ್ (ನೀವು ಸಾಲ ತೀರಿಸದಿದ್ದರೆ ಸಾಲ ಕೊಟ್ಟವರನ್ನು ಕಾಯುವ ವಿಮೆ) ಕೂಡ ಇರುವುದಿಲ್ಲ. ನಿಮ್ಮ ಜಾಮೀನಿನ ಹಕ್ಕು ಹಿಂದಿನ ಸಾಲಕ್ಕೆ ಬಳಕೆಯಾಗದೆ ಪೂರ್ತಿ ಉಳಿದಿದ್ದರೆ 2020ರಿಂದ ಸಾಲದ ಮೊತ್ತಕ್ಕೆ ವಿಎ ಕಡೆಯಿಂದ ಮಿತಿಯೂ ಇಲ್ಲ. ನಿಮ್ಮ ಆದಾಯ ಎಷ್ಟು ತಡೆಯುತ್ತದೆ ಅನ್ನುವುದೇ ಮಿತಿ. ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಡಿ-214 ಕಾಗದ ಇಟ್ಟುಕೊಂಡು ಅರ್ಹತಾ ಪತ್ರ, ಅಂದರೆ ಸಿಒಇ, ತರಿಸಿಕೊಳ್ಳುವುದು ಮೊದಲ ಕೆಲಸ. ಅದನ್ನು ಲೆಂಡರ್, ಅಂದರೆ ಸಾಲ ಕೊಡುವವರ, ಕೈಲೇ ತರಿಸಬಹುದು.

ಇಷ್ಟು ಎಲ್ಲರಿಗೂ ಗೊತ್ತು. ಹೊಸ ಮನೆಯ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ "ಡೌನ್ ಪೇಮೆಂಟ್ ಸೊನ್ನೆ" ಅನ್ನುವುದರ ಮೇಲೇ ಕಣ್ಣಿಟ್ಟು ಕೂರುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ: ಮನೆ ಕಟ್ಟಿ ಮುಗಿಯುವವರೆಗೆ ದುಡ್ಡಿನ ಭಾರ ಯಾರ ತಲೆ ಮೇಲಿದೆ, ಬಿಲ್ಡರ್ ಮೇಲಾ, ನಿಮ್ಮ ಮೇಲಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ತೀರ್ಮಾನ ಆದಂತೆಯೇ.

ಅಳೆಯುವುದು ಹೇಗೆ

ಆ ಭಾರದ ಜೊತೆಗೆ ಇನ್ನು ನಾಲ್ಕು ವಿಷಯ ನೋಡಿ. ಇವತ್ತು ನಿಮ್ಮ ಕೈಯಲ್ಲಿ ಎಷ್ಟು ನಗದು ಇದೆ. ಎಷ್ಟು ತಿಂಗಳು ಕಾಯಬಲ್ಲಿರಿ, ಯಾಕೆಂದರೆ ಬಾಡಿಗೆ ಲೀಸು, ಮಕ್ಕಳ ಶಾಲೆ, ಇನ್ನೂ ಸೇವೆಯಲ್ಲಿದ್ದರೆ ವರ್ಗಾವಣೆ ಆರ್ಡರ್ ಎಲ್ಲವೂ ಇದರಲ್ಲಿ ಬರುತ್ತದೆ. ಮನೆ ಹೇಗಿರಬೇಕು ಅನ್ನುವುದರಲ್ಲಿ ನಿಮ್ಮ ಮಾತು ಎಷ್ಟು ನಡೆಯಬೇಕು. ಕೊನೆಯದು, ಅಪ್ರೈಸಲ್‌ನಲ್ಲಿ ಮನೆಯ ಬೆಲೆ ಕಡಿಮೆ ಬಂದರೆ ನೀವು ಎಲ್ಲಿ ನಿಲ್ಲುತ್ತೀರಿ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಲ ಕೊಡುವ ಮುಂಚೆ ವಿಎ ಪಟ್ಟಿಯಲ್ಲಿರುವ ಅಪ್ರೈಸರ್ ಬಂದು ಬೆಲೆ ಕಟ್ಟುತ್ತಾರೆ. ಬಿಲ್ಡರ್ 4,20,000 ಡಾಲರ್ ಹೇಳಿ, ಅಪ್ರೈಸಲ್ 4,05,000 ಬಂತು ಅಂದುಕೊಳ್ಳಿ. ಸೊನ್ನೆ ಡೌನ್ ಪೇಮೆಂಟ್ ಸಾಲ ಸಿಗುವುದು 4,05,000ಕ್ಕೆ ಮಾತ್ರ. ಉಳಿದ 15,000ವನ್ನು ಬಿಲ್ಡರ್ ಇಳಿಸಬೇಕು, ಇಲ್ಲಾ ನೀವು ಕೈಯಿಂದ ಹಾಕಬೇಕು, ಇಲ್ಲಾ ಬಿಟ್ಟು ಬರಬೇಕು. ವಿಎ ಸಾಲದ ಕರಾರಿನಲ್ಲಿ ಒಂದು ಷರತ್ತು ಕಡ್ಡಾಯವಾಗಿ ಇರುತ್ತದೆ: ಬೆಲೆ ಕಡಿಮೆ ಬಂದರೆ ನೀವು ಹಿಂದೆ ಸರಿಯಬಹುದು, ಮುಂಗಡ ಮುಟ್ಟುಗೋಲು ಆಗುವುದಿಲ್ಲ. ಆದರೆ ಹೊಸ ಮನೆಯಲ್ಲಿ ಮುಂಗಡ ಒಂದೇ ಅಲ್ಲ, ಅಪ್‌ಗ್ರೇಡ್‌ಗಳಿಗೆ ಬೇರೆ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಆ ದುಡ್ಡೂ ಈ ಷರತ್ತಿನೊಳಗೆ ಬರುತ್ತದಾ ಅಂತ ಸಹಿ ಹಾಕುವ ಮುಂಚೆ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಬಾಯಿಮಾತು ಸಾಲದು.

ಒಂದು: ಕಟ್ಟಿ ಮುಗಿದಿರುವ ಹೊಸ ಮನೆ

ಬಡಾವಣೆಗಳಲ್ಲಿ ಬಿಲ್ಡರ್ ತಾನೇ ಕಟ್ಟಿ ಮಾರಾಟಕ್ಕೆ ಇಟ್ಟಿರುವ, ಇನ್ನೂ ಯಾರೂ ವಾಸ ಮಾಡದ ಮನೆ ಇದು. ವಿಎ ಸಾಲಕ್ಕೆ ಇಷ್ಟು ಸಲೀಸಾದ ಹೊಸ ಮನೆ ಇನ್ನೊಂದಿಲ್ಲ. ಭಾರ ಪೂರ್ತಿ ಬಿಲ್ಡರ್‌ದು. ಮನೆ ಕಣ್ಣ ಮುಂದೆ ಇದೆ, ಅಪ್ರೈಸರ್ ನೋಡುವುದು ಕಾಗದದ ಪ್ಲಾನ್ ಅಲ್ಲ, ನಿಜವಾದ ಗೋಡೆ. ಒಂದೂವರೆ ತಿಂಗಳ ಆಸುಪಾಸಿನಲ್ಲಿ ಕ್ಲೋಸಿಂಗ್ (ಕಾಗದಗಳಿಗೆ ಸಹಿ ಬಿದ್ದು ಸಾಲ ಮತ್ತು ಮನೆ ನಿಮ್ಮ ಹೆಸರಿಗೆ ಆಗುವುದು) ಆಗಬಹುದು, ಹಾಗಾಗಿ ಬಡ್ಡಿ ದರವನ್ನು ಮಾಮೂಲಿ ಅವಧಿಗೆ ಲಾಕ್ ಮಾಡಿದರೆ, ಅಂದರೆ ಬದಲಾಗದಂತೆ ಹಿಡಿದಿಟ್ಟರೆ, ಸಾಕು.

ಖಾಲಿ ಮನೆ ನಿಂತಷ್ಟೂ ಬಿಲ್ಡರ್‌ಗೆ ಖರ್ಚು, ಅದಕ್ಕೇ ಚೌಕಾಸಿಗೆ ಜಾಗ ಇರುವುದೂ ಇಲ್ಲೇ. ಬೆಲೆ ಇಳಿಸುವುದು ಅವರಿಗೆ ಇಷ್ಟವಿಲ್ಲ, ಅಕ್ಕಪಕ್ಕದ ಮನೆಗಳ ಬೆಲೆಗೂ ಪೆಟ್ಟು ಬೀಳುತ್ತದೆ ಅನ್ನುವ ಹೆದರಿಕೆ. ಬದಲಿಗೆ ಕ್ಲೋಸಿಂಗ್ ಖರ್ಚು ಕೊಡುತ್ತೇವೆ, ಬಡ್ಡಿ ಇಳಿಸಿ ಕೊಡುತ್ತೇವೆ ಅನ್ನುತ್ತಾರೆ. "2-1 ಬೈಡೌನ್" ಅನ್ನುವ ಮಾತು ಕಿವಿಗೆ ಬೀಳುತ್ತದೆ. 4,00,000 ಡಾಲರ್ ಸಾಲ, ಶೇ. 6.5 ಬಡ್ಡಿ, 30 ವರ್ಷ ಅಂದರೆ ಅಸಲು ಬಡ್ಡಿ ಸೇರಿ ತಿಂಗಳಿಗೆ ಸುಮಾರು 2,528. ಬೈಡೌನ್ ಇದ್ದರೆ ಮೊದಲ ವರ್ಷ ಶೇ. 4.5ರ ಲೆಕ್ಕದಲ್ಲಿ 2,027, ಎರಡನೇ ವರ್ಷ ಶೇ. 5.5ರಲ್ಲಿ 2,271, ಮೂರನೇ ವರ್ಷದಿಂದ ಪೂರ್ತಿ 2,528. ಎರಡು ವರ್ಷಕ್ಕೆ ಉಳಿಯುವುದು 9,000 ಡಾಲರ್ ಚಿಲ್ಲರೆ. ಒಳ್ಳೆಯದೇ. ಆದರೆ ಮೂರನೇ ವರ್ಷದ ಕಂತನ್ನು ಇವತ್ತಿನ ಸಂಬಳದಲ್ಲೇ ಕಟ್ಟಲು ಆಗುತ್ತದೆ ಅನ್ನುವ ಧೈರ್ಯ ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಅಷ್ಟರಲ್ಲಿ ಬಡ್ಡಿ ಇಳಿಯುತ್ತೆ, ರಿಫೈನಾನ್ಸ್ ಮಾಡ್ತೀನಿ (ಹೊಸ ಸಾಲ ತಗೊಂಡು ಹಳೆಯದನ್ನ ತೀರಿಸ್ತೀನಿ) ಅಂತ ನಂಬಿ ಕೂರಬೇಡಿ. ಸಾಲದ ಪೂರ್ತಿ ಅವಧಿಗೇ ಬಡ್ಡಿ ಇಳಿಸಿ ಕೊಡಿ ಅಂತಲೂ ಕೇಳಬಹುದು. ಹತ್ತು ವರ್ಷ ಅದೇ ಮನೆಯಲ್ಲಿ ಇರುವವರಿಗೆ ನಾನು ಹೇಳುವುದು ಅದನ್ನೇ.

ಈ ಕೊಡುಗೆಗಳಿಗೆ ಒಂದು ಕೊಕ್ಕೆ ಇರುತ್ತದೆ: ಬಿಲ್ಡರ್‌ನ ಸ್ವಂತ ಲೆಂಡರ್ ಹತ್ತಿರವೇ ಸಾಲ ತಗೊಳ್ಳಬೇಕು. ಡಿ.ಆರ್. ಹಾರ್ಟನ್, ಲೆನ್ನಾರ್, ಪಲ್ಟಿ ತರಹದ ದೊಡ್ಡ ಬಿಲ್ಡರ್‌ಗಳಿಗೆ ತಮ್ಮದೇ ಸಾಲದ ಕಂಪನಿಗಳಿವೆ. ಅಲ್ಲೇ ತಗೊಳ್ಳಿ ಅಂತ ಬಲವಂತ ಮಾಡುವಂತಿಲ್ಲ, ಆದರೆ ತಗೊಂಡರೆ ಮಾತ್ರ ರಿಯಾಯಿತಿ ಅನ್ನಬಹುದು. ಹೊರಗಿನ ಎರಡು ಲೆಂಡರ್‌ಗಳಿಂದ ಅದೇ ದಿನದ ಲೋನ್ ಎಸ್ಟಿಮೇಟ್ (ಬಡ್ಡಿ, ಖರ್ಚು ಬರೆದ ಅಂದಾಜು ಪತ್ರ) ತರಿಸಿ ಪಕ್ಕದಲ್ಲಿಟ್ಟು ನೋಡಿ. ಬಿಲ್ಡರ್ 12,000 ಕೊಟ್ಟು ಬಡ್ಡಿಯಲ್ಲಿ ಶೇ. 0.5 ಜಾಸ್ತಿ ಹಾಕಿದ್ದರೆ ಆ 12,000 ನಿಮ್ಮದೇ ದುಡ್ಡು. ಇನ್ನೊಂದು ವಿಷಯ, ಮಾಮೂಲಿ ಕ್ಲೋಸಿಂಗ್ ಖರ್ಚು ಬಿಟ್ಟು ಮಿಕ್ಕ ಕೊಡುಗೆಗಳು ಮನೆಯ ಬೆಲೆಯ ಶೇ. 4 ದಾಟಬಾರದು ಅಂತ ವಿಎ ನಿಯಮ ಇದೆ. ಬೈಡೌನ್‌ಗೆ ಹಾಕುವ ದುಡ್ಡು ಇದರೊಳಗೆ ಬರುತ್ತದೆ.

ಕೊರತೆ ಏನು? ನಿಮ್ಮ ಮಾತು ನಡೆಯುವುದಿಲ್ಲ. ಮನೆ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಪಶ್ಚಿಮವೇ. ದೇವರ ಮನೆಗೆ ಜಾಗ ಇಲ್ಲದಿದ್ದರೆ ಪ್ಯಾಂಟ್ರಿಯ ಒಂದು ಮೂಲೆ. ನಮ್ಮ ಅಡುಗೆಗೆ ಇನ್ನೊಂದು ತೊಂದರೆ: ಎಷ್ಟೋ ಹೊಸ ಮನೆಗಳಲ್ಲಿ ಒಲೆಯ ಮೇಲೆ ಮೈಕ್ರೋವೇವ್ ಕೂರಿಸಿ, ಅದರ ಫ್ಯಾನ್ ಗಾಳಿಯನ್ನು ವಾಪಸ್ ಅಡುಗೆಮನೆಗೇ ಬಿಡುವಂತೆ ಮಾಡಿರುತ್ತಾರೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಮಹಡಿಯ ಮಲಗುವ ಕೋಣೆಯಲ್ಲಿ ಕೆಮ್ಮು. ಗೋಡೆ ಮುಚ್ಚಿದ ಮೇಲೆ ಹೊರಗೆ ಹೋಗುವ ಕೊಳವೆ ಹಾಕಿಸುವುದು ದೊಡ್ಡ ಕೆಲಸ. ಮನೆ ನೋಡಲು ಹೋದಾಗ ಆ ಫ್ಯಾನ್ ಗಾಳಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ.

ಎರಡು: ಬಡಾವಣೆಯಲ್ಲಿ ಬುಕ್ ಮಾಡಿ ಕಟ್ಟಿಸಿಕೊಳ್ಳುವುದು

ಸೈಟು ಆರಿಸುತ್ತೀರಿ, ಬಿಲ್ಡರ್‌ನ ಪ್ಲಾನ್‌ಗಳಲ್ಲಿ ಒಂದನ್ನು ಆರಿಸುತ್ತೀರಿ, ಬಿಲ್ಡರ್ ತನ್ನ ದುಡ್ಡಿನಲ್ಲೇ ಕಟ್ಟುತ್ತಾನೆ, ಮುಗಿದ ದಿನ ನಿಮ್ಮ ವಿಎ ಸಾಲ ಕ್ಲೋಸ್ ಆಗುತ್ತದೆ. ಭಾರ ಇಲ್ಲೂ ಹೆಚ್ಚಿನಂಶ ಬಿಲ್ಡರ್‌ದೇ. ನಿಮ್ಮದು ಅಂತ ಸಿಕ್ಕಿಕೊಂಡಿರುವುದು ಮುಂಗಡ ಮತ್ತು ಅಪ್‌ಗ್ರೇಡ್ ದುಡ್ಡು.

ನಮ್ಮವರಿಗೆ ಈ ದಾರಿ ಹಿಡಿಸುವುದಕ್ಕೆ ಕಾರಣ ಇದೆ. ಪೂರ್ವಕ್ಕೋ ಉತ್ತರಕ್ಕೋ ಮುಖ ಇರುವ ಸೈಟು ಆರಿಸಬಹುದು. ದೇವರ ಮನೆಗೆ ಜಾಗ, ಒಗ್ಗರಣೆ ಹೊಗೆಗೆ ಹೊರದಾರಿ, ಅಪ್ಪ ಅಮ್ಮ ಬಂದರೆ ಕೆಳಗಡೆ ಒಂದು ಮಲಗುವ ಕೋಣೆ ಮತ್ತು ಪೂರ್ತಿ ಬಾತ್‌ರೂಮ್, ಇವನ್ನೆಲ್ಲ ಅಡಿಪಾಯಕ್ಕೆ ಮುಂಚೆ ಹೇಳಿದರೆ ಆಗುತ್ತದೆ. ಆದರೆ ಇಂಥ ಸೈಟಿಗೆ ಕೆಲವೊಮ್ಮೆ ಹೆಚ್ಚುವರಿ ಬೆಲೆ ಹಾಕುತ್ತಾರೆ. ಅಪ್ರೈಸರ್‌ಗೆ ದಿಕ್ಕು ಮುಖ್ಯವಲ್ಲ. ಆ ದುಡ್ಡು ಅಪ್ರೈಸಲ್‌ನಲ್ಲಿ ವಾಪಸ್ ಕಾಣುತ್ತದೆ ಅಂತ ಹೇಳಲಾಗದು. ದುಬಾರಿ ಟೈಲ್ಸ್, ಲೈಟು, ಕ್ಯಾಬಿನೆಟ್ ಕೂಡ ಅಷ್ಟೇ, ಹಾಕಿದಷ್ಟು ಬೆಲೆ ಏರುವುದಿಲ್ಲ. ಹಾಗಾಗಿ ನನ್ನ ಸಲಹೆ: ಆಮೇಲೆ ಬದಲಾಯಿಸಲಾಗದ್ದಕ್ಕೆ ಮಾತ್ರ ಈಗ ದುಡ್ಡು ಹಾಕಿ. ಕೋಣೆ, ಕಿಟಕಿ, ಕೊಳವೆ, ವೈರಿಂಗ್ ಈಗ. ಫ್ಯಾನು, ಪರದೆ, ಬಣ್ಣ ಆಮೇಲೆ ನಿಧಾನಕ್ಕೆ ಮಾಡಿಸಿಕೊಳ್ಳಬಹುದು.

ಕಷ್ಟ ಇರುವುದು ಕಾಲದ್ದು. ಮನೆ ಮುಗಿಯಲು ಆರು ತಿಂಗಳಿಂದ ವರ್ಷ ಹಿಡಿಯಬಹುದು. ಅಷ್ಟು ದಿನ ಬಡ್ಡಿ ದರ ನಿಲ್ಲುವುದಿಲ್ಲ. ದೀರ್ಘ ಲಾಕ್ ಕೊಡುವ ಲೆಂಡರ್‌ಗಳಿದ್ದಾರೆ, ಅದಕ್ಕೆ ಶುಲ್ಕ ಇರುತ್ತದೆ. ದರ ಇಳಿದರೆ ಒಮ್ಮೆ ಇಳಿಸಿಕೊಳ್ಳುವ ಅವಕಾಶ ಇದೆಯಾ ಅಂತಲೂ ಕೇಳಿ. ಈ ನಡುವೆ ಕೆಲಸ ಬದಲಾಯಿಸಬೇಡಿ, ಹೊಸ ಕಾರಿನ ಸಾಲ ತಗೊಳ್ಳಬೇಡಿ. ಕ್ಲೋಸಿಂಗ್‌ಗೆ ಮುಂಚೆ ಲೆಂಡರ್ ಎಲ್ಲವನ್ನೂ ಮತ್ತೆ ನೋಡುತ್ತಾರೆ.

ಗೃಹಪ್ರವೇಶದ ಪ್ರಶ್ನೆಯೂ ಬರುತ್ತದೆ, ಸಣ್ಣದಲ್ಲ ಅದು. ವಿಎ ಸಾಲದ ಮನೆಯಲ್ಲಿ ನೀವೇ ವಾಸ ಮಾಡಬೇಕು, ಸಾಮಾನ್ಯವಾಗಿ ಕ್ಲೋಸಿಂಗ್ ಆದ 60 ದಿನದೊಳಗೆ. ಆಷಾಢದ ಮುಂಚೆ ಕ್ಲೋಸ್ ಆದರೆ ಶ್ರಾವಣದವರೆಗೆ ಕಾಯಲು ಬಹುತೇಕ ಸಮಯ ಸಾಕಾಗುತ್ತದೆ, ಆದರೆ ಬಿಲ್ಡರ್ ಹೇಳಿದ ದಿನ ಹತ್ತಾರು ಕಾರಣಕ್ಕೆ ಮುಂದೆ ಹೋಗುತ್ತದೆ. ಊರಿಂದ ಬರುವವರ ಟಿಕೆಟ್ ಅನ್ನು ಕ್ಲೋಸಿಂಗ್ ದಿನ ಗಟ್ಟಿಯಾಗುವ ಮುಂಚೆ ಬುಕ್ ಮಾಡಬೇಡಿ. ಇನ್ನೂ ಸೇವೆಯಲ್ಲಿದ್ದು ನೀವು ಬೇರೆ ಕಡೆ ಇದ್ದರೆ, ಗಂಡನೋ ಹೆಂಡತಿಯೋ ಆ ಮನೆಯಲ್ಲಿ ಇದ್ದರೂ ನಡೆಯುತ್ತದೆ.

ಮೂರು: ಸ್ವಂತ ಜಾಗದಲ್ಲಿ, ಒಂದೇ ಕ್ಲೋಸಿಂಗ್‌ನ ಕಟ್ಟಡ ಸಾಲ

ಜಾಗ ಕೊಳ್ಳುವುದು, ಕಟ್ಟುವುದು, ಆಮೇಲಿನ 30 ವರ್ಷದ ಸಾಲ, ಮೂರೂ ಒಂದೇ ಸಾಲದಲ್ಲಿ. ವಿಎ ಇದನ್ನು ಒಪ್ಪುತ್ತದೆ, ಸೊನ್ನೆ ಡೌನ್ ಪೇಮೆಂಟ್‌ಗೂ ದಾರಿ ಇದೆ. ಕೇಳಲು ಇದಕ್ಕಿಂತ ಚೆನ್ನಾದದ್ದು ಇಲ್ಲ. ತೊಡಕು ಏನೆಂದರೆ ಇದನ್ನು ಕೊಡುವ ಲೆಂಡರ್‌ಗಳು ಕಡಿಮೆ. ಕೊಡುವವರು ಕ್ರೆಡಿಟ್ ಸ್ಕೋರ್ ಜಾಸ್ತಿ ಕೇಳುತ್ತಾರೆ, ಬಡ್ಡಿಯೂ ಸ್ವಲ್ಪ ಮೇಲಿರುತ್ತದೆ, ಬಿಲ್ಡರ್‌ನ ಲೆಕ್ಕಪತ್ರ ಲೈಸೆನ್ಸ್ ಎಲ್ಲ ಪರೀಕ್ಷಿಸುತ್ತಾರೆ. ನಾನೇ ನಿಂತು ಕಟ್ಟಿಸುತ್ತೇನೆ ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ವಿಎ ನಿಯಮದಲ್ಲಿ ಒಂದು ಒಳ್ಳೆಯ ಅಂಶ ಇದೆ. ಮನೆ ಮುಗಿಯುವವರೆಗೆ ನೀವು ಕಂತು ಕಟ್ಟಬೇಕಿಲ್ಲ, ಮೊದಲ ಕಂತನ್ನು ಒಂದು ವರ್ಷದವರೆಗೆ ಮುಂದೂಡಬಹುದು. ಕಟ್ಟುವ ಕಾಲದ ಇನ್‌ಸ್ಪೆಕ್ಷನ್, ಇನ್ಶೂರೆನ್ಸ್ ಮುಂತಾದ ಖರ್ಚು ಬಿಲ್ಡರ್‌ಗೆ ಸೇರಿದ್ದು. ಬಾಡಿಗೆ ಕಟ್ಟುತ್ತಾ ಕಾಯುವವರಿಗೆ ಇದು ದೊಡ್ಡ ನಿರಾಳ. ಆದರೆ ಬಿಲ್ಡರ್ ಆ ಖರ್ಚನ್ನು ಮನೆಯ ಬೆಲೆಗೆ ಸೇರಿಸಿಯೇ ಕೋಟ್ ಕೊಡುತ್ತಾನೆ, ಮತ್ತು ಈ ಕಾರಣಕ್ಕೇ ಎಷ್ಟೋ ಸಣ್ಣ ಬಿಲ್ಡರ್‌ಗಳು ವಿಎ ಅಂದರೆ ಮೂಗು ಮುರಿಯುತ್ತಾರೆ. ಸಾಲದ ಮೊತ್ತ ಮೊದಲೇ ನಿಗದಿಯಾಗಿರುವುದರಿಂದ ನಡುವೆ "ಇಲ್ಲೊಂದು ಗೋಡೆ ಸರಿಸಿ" ಅಂದರೆ ಆ ಖರ್ಚು ನಿಮ್ಮ ಜೇಬಿನದು. ಬಂಡೆ ಸಿಕ್ಕಿತು, ಬೋರ್‌ವೆಲ್ ಆಳಕ್ಕೆ ಹೋಯಿತು ಅಂದರೂ ಜಗಳ ನಿಮ್ಮ ಬಾಗಿಲಿಗೇ ಬರುತ್ತದೆ. ಸಾಲ ಆಗಲೇ ನಿಮ್ಮ ಹೆಸರಿನಲ್ಲಿ ಇರುತ್ತದೆ, ಬಿಲ್ಡರ್ ಕೈಕೊಟ್ಟರೆ ಅರ್ಧ ಕಟ್ಟಿದ ಮನೆಗೆ ಸಾಲಗಾರರು ನೀವು.

ಬರೀ ಜಾಗ ಕೊಳ್ಳಲು ವಿಎ ಸಾಲ ಇಲ್ಲ, ನೆನಪಿರಲಿ. ಈಗ ಜಾಗ ತಗೊಂಡು ಇನ್ನು ನಾಲ್ಕು ವರ್ಷಕ್ಕೆ ಕಟ್ಟುತ್ತೇನೆ ಅನ್ನುವವರು ಟೆಕ್ಸಾಸ್‌ನಲ್ಲಿದ್ದರೆ ಆ ರಾಜ್ಯದ ವೆಟರನ್ಸ್ ಲ್ಯಾಂಡ್ ಬೋರ್ಡ್ ಕೊಡುವ ಜಾಗದ ಸಾಲವನ್ನು ವಿಚಾರಿಸಬಹುದು. ಅದು ವಿಎಯಿಂದ ಬೇರೆ.

ನಾಲ್ಕು: ಎರಡು ಕ್ಲೋಸಿಂಗ್

ಮೊದಲು ಸ್ಥಳೀಯ ಬ್ಯಾಂಕಿನಿಂದ ಕಟ್ಟಡ ಸಾಲ, ಮನೆ ಮುಗಿದ ಮೇಲೆ ಅದನ್ನು ತೀರಿಸಲು ವಿಎ ಸಾಲ. ಬ್ಯಾಂಕು, ಬಿಲ್ಡರ್ ಇಬ್ಬರನ್ನೂ ಆರಿಸುವ ಸ್ವಾತಂತ್ರ್ಯ ಇಲ್ಲಿ ಹೆಚ್ಚು. ಆದರೆ ಭಾರ ಪೂರ್ತಿ ನಿಮ್ಮದು. ಮೊದಲ ಸಾಲಕ್ಕೆ ಸಾಮಾನ್ಯವಾಗಿ ದೊಡ್ಡ ಡೌನ್ ಪೇಮೆಂಟ್ ಬೇಕು, ಕಟ್ಟುವಾಗ ಬಡ್ಡಿ ಕಟ್ಟಬೇಕು, ಕ್ಲೋಸಿಂಗ್ ಖರ್ಚು ಎರಡು ಸಲ, ಕೊನೆಯಲ್ಲಿ ಬಡ್ಡಿ ಎಷ್ಟಿರುತ್ತದೋ ಆಗ ನೋಡಬೇಕು. ನಡುವೆ ಕೆಲಸ ಹೋದರೆ ಎರಡನೇ ಸಾಲವೇ ಸಿಗದೆ ಹೋಗಬಹುದು. ಜಾಗ ಆಗಲೇ ನಿಮ್ಮ ಹೆಸರಿಗಿದ್ದು, ಅದರ ಬೆಲೆಯೇ ಬ್ಯಾಂಕಿಗೆ ಡೌನ್ ಪೇಮೆಂಟ್ ಆಗಿ, ಕೈಯಲ್ಲಿ ಒಂದು ವರ್ಷದ ಖರ್ಚು ಇದ್ದರೆ ಮಾತ್ರ ಇದರ ಮಾತು ಎತ್ತಿ.

ವಿಎ ಬಿಟ್ಟು ಬೇರೆ ಸಾಲ ಮೇಲಾ?

ಕೆಲವೊಮ್ಮೆ ಹೌದು. ವಿಎ ಸಾಲಕ್ಕೆ ಫಂಡಿಂಗ್ ಫೀ ಇದೆ, ಸಾಲದ ಜೊತೆ ವಿಎಗೆ ಒಮ್ಮೆ ಕಟ್ಟುವ ಶುಲ್ಕ ಅದು. 2023ರ ಏಪ್ರಿಲ್‌ನಿಂದ ನಡೆಯುತ್ತಿರುವ ದರದಂತೆ ಮೊದಲ ಸಲ, ಸೊನ್ನೆ ಡೌನ್ ಪೇಮೆಂಟ್ ಆದರೆ ಶೇ. 2.15, ಎರಡನೇ ಸಲದಿಂದ ಶೇ. 3.3. 4,00,000 ಸಾಲಕ್ಕೆ ಇದು 8,600 ಅಥವಾ 13,200 ಡಾಲರ್. ಶೇ. 5 ಹಾಕಿದರೆ ಫೀ ಶೇ. 1.5ಕ್ಕೆ, ಶೇ. 10 ಹಾಕಿದರೆ 1.25ಕ್ಕೆ ಇಳಿಯುತ್ತದೆ, ಎಷ್ಟನೇ ಸಲ ಅನ್ನುವುದು ಆಗ ಲೆಕ್ಕಕ್ಕಿಲ್ಲ. ಸೇವೆಯಲ್ಲಿ ಆದ ಗಾಯಕ್ಕೋ ಕಾಯಿಲೆಗೋ ವಿಎಯಿಂದ ಪರಿಹಾರ ಪಡೆಯುತ್ತಿದ್ದರೆ ಫೀ ಇಲ್ಲವೇ ಇಲ್ಲ. ಅರ್ಜಿ ಹಾಕಿ ಕಾಯುತ್ತಿದ್ದೀರಾ? ಪರಿಹಾರ ಕ್ಲೋಸಿಂಗ್‌ಗಿಂತ ಹಿಂದಿನ ದಿನಾಂಕದಿಂದ ಜಾರಿಯಾದರೆ ಕಟ್ಟಿದ ಫೀ ವಾಪಸ್ ಕೇಳಬಹುದು. ಇದನ್ನು ಎಷ್ಟೋ ಜನ ಕೇಳುವುದೇ ಇಲ್ಲ, ದಯವಿಟ್ಟು ಕೇಳಿ, ಅದು ನಿಮ್ಮ ಹಕ್ಕು.

ಪರಿಹಾರ ಬರುತ್ತಿರುವವರಿಗೆ ವಿಎ ಮುಂದೆ ಬೇರೆ ಸಾಲ ನಿಲ್ಲುವುದು ಕಷ್ಟ. ಪರಿಹಾರ ಇಲ್ಲದೆ, ಶೇ. 20 ಡೌನ್ ಪೇಮೆಂಟ್ ಇರುವವರು ಮಾತ್ರ ಕನ್ವೆನ್ಷನಲ್, ಅಂದರೆ ಸರ್ಕಾರದ ಜಾಮೀನಿಲ್ಲದ ಮಾಮೂಲಿ, ಸಾಲದ ಜೊತೆ ಹೋಲಿಸಿ ನೋಡಲೇಬೇಕು, ಯಾಕೆಂದರೆ ಅಲ್ಲಿ ಅಷ್ಟು ಹಾಕಿದರೆ ಫಂಡಿಂಗ್ ಫೀಯೂ ಇಲ್ಲ, ಇನ್ಶೂರೆನ್ಸೂ ಇಲ್ಲ. ಸರ್ಕಾರವೇ ವಿಮೆ ಕೊಡುವ ಎಫ್‌ಎಚ್‌ಎ ಸಾಲದಲ್ಲಿ ಅದೇ 4,00,000 ಡಾಲರ್ ಮನೆಗೆ ಶೇ. 3.5 ಅಂದರೆ 14,000 ಡೌನ್ ಪೇಮೆಂಟ್, ಮೊದಲೇ ಶೇ. 1.75 ಇನ್ಶೂರೆನ್ಸ್, ಆಮೇಲೆ ವರ್ಷಕ್ಕೆ ಸುಮಾರು ಶೇ. 0.55, ತಿಂಗಳಿಗೆ 175 ಡಾಲರ್ ಆಸುಪಾಸು, ಸಾಲ ಇರುವವರೆಗೂ. ವಿಎ ಅರ್ಹತೆ ಇದ್ದವರು ಎಫ್‌ಎಚ್‌ಎಗೆ ಹೋಗಲು ನನಗೆ ಕಾರಣ ಕಾಣುವುದಿಲ್ಲ.

ಅಣ್ಣತಮ್ಮ, ಅಪ್ಪ, ಭಾವ ಜೊತೆ ಸೇರಿ ಮನೆ ತಗೊಳ್ಳುವ ಯೋಚನೆ ನಮ್ಮಲ್ಲಿ ಸಹಜ. ಗಂಡ ಹೆಂಡತಿ ಸೇರಿ ತಗೊಂಡರೆ ವಿಎಗೆ ತೊಂದರೆ ಇಲ್ಲ. ಸೇನೆಯಲ್ಲಿ ಇಲ್ಲದ ಬೇರೆ ಯಾರಾದರೂ ಸಾಲಕ್ಕೆ ಸೇರಿದರೆ ಜಾಮೀನು ನಿಮ್ಮ ಪಾಲಿಗೆ ಮಾತ್ರ, ಅವರ ಪಾಲಿಗೆ ಲೆಂಡರ್ ಡೌನ್ ಪೇಮೆಂಟ್ ಕೇಳುತ್ತಾರೆ. ಅಪ್ಪ ಅಮ್ಮ ನಿಮ್ಮ ಜೊತೆ ಇರಲಿ, ಸಾಲದ ಕಾಗದದಲ್ಲಿ ಮಾತ್ರ ಬೇಡ.

ಯಾರಿಗೆ ಯಾವುದು

ಕೈಯಲ್ಲಿ 10,000ಕ್ಕಿಂತ ಕಡಿಮೆ ಇದೆ, ಲೀಸು ಮುಗಿಯುತ್ತಿದೆ ಅಂದರೆ ಕಣ್ಣು ಮುಚ್ಚಿ ಮೊದಲನೆಯದು. ಕ್ಲೋಸಿಂಗ್ ಖರ್ಚನ್ನು ಬಿಲ್ಡರ್ ಕೈಯಲ್ಲಿ ಹಾಕಿಸಿ. ಕೆಲಸ ಭದ್ರ, ಒಂದು ವರ್ಷ ಕಾಯಲು ತಯಾರು, ದಿಕ್ಕು ಮತ್ತು ಕೋಣೆ ನಿಮಗೆ ಬೇಕಾದಂತೆ ಇರಲೇಬೇಕು ಅನ್ನುವವರಿಗೆ ಎರಡನೆಯದು, ಹೆಚ್ಚಿನವರಿಗೆ ಇದೇ ಸರಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ಊರ ಹೊರಗೆ ಎಕರೆ ಜಾಗ, ತೋಟ, ನೆಮ್ಮದಿ ಬೇಕು, ವಿಎ ಕೆಲಸ ಮಾಡಿ ಗೊತ್ತಿರುವ ಬಿಲ್ಡರ್ ಸಿಕ್ಕಿದ್ದಾನೆ ಅಂದರೆ ಮೂರನೆಯದು. ಬಿಲ್ಡರ್ ಸಿಗುವ ಮುಂಚೆ ಜಾಗಕ್ಕೆ ಕೈ ಹಾಕಬೇಡಿ. ಸೇವೆಯಲ್ಲಿದ್ದು ಎರಡು ವರ್ಷದಲ್ಲಿ ವರ್ಗಾವಣೆ ಖಚಿತ ಇರುವವರು ಮೂರು ನಾಲ್ಕರ ಕಡೆ ತಿರುಗಿಯೂ ನೋಡಬೇಡಿ.

ಎಷ್ಟು ಸಾಲ ಅನ್ನುವುದಕ್ಕೆ ವಿಎಯ ಉಳಿಕೆ ಆದಾಯದ ಲೆಕ್ಕವನ್ನೇ ಮನೆಯಲ್ಲಿ ಮಾಡಿ ನೋಡಿ. ತೆರಿಗೆ, ಮನೆ ಕಂತು, ಬೇರೆ ಸಾಲಗಳು ಎಲ್ಲ ಹೋಗಿ ನಾಲ್ಕು ಜನರ ಕುಟುಂಬಕ್ಕೆ ಟೆಕ್ಸಾಸ್ ಸೇರಿದ ದಕ್ಷಿಣ ಭಾಗದಲ್ಲಿ ತಿಂಗಳಿಗೆ 1,003 ಡಾಲರ್, ಕ್ಯಾಲಿಫೋರ್ನಿಯಾ ಇರುವ ಪಶ್ಚಿಮದಲ್ಲಿ 1,117 ಉಳಿಯಬೇಕು ಅನ್ನುತ್ತದೆ ನಿಯಮ. ಇವತ್ತಿನ ದಿನಸಿ ಬೆಲೆಯಲ್ಲಿ ಅದು ಯಾವ ಮೂಲೆಗೂ ಸಾಲದು. ಅದರ ಎರಡರಷ್ಟಾದರೂ ಉಳಿಯುವ ಹಾಗೆ ಮನೆ ಆರಿಸಿ.

ಯಾವುದನ್ನೇ ಆರಿಸಿದರೂ

ಏಜೆಂಟ್ ಬೇಕಿದ್ದರೆ ಮಾಡೆಲ್ ಮನೆಗೆ ಮೊದಲ ಸಲ ಹೋಗುವಾಗಲೇ ಜೊತೆಗೆ ಕರೆದುಕೊಂಡು ಹೋಗಿ, ಆಮೇಲೆ ಸೇರಿಸಲು ಬಿಲ್ಡರ್ ಒಪ್ಪದಿರಬಹುದು. ಅಪ್ರೈಸಲ್ ಅಂದರೆ ಇನ್‌ಸ್ಪೆಕ್ಷನ್ ಅಲ್ಲ. ಹೊಸ ಮನೆ, ಅದರಲ್ಲೇನು ಹುಳುಕು ಅಂತ ಬಿಡಬೇಡಿ. ನಿಮ್ಮ ಕಡೆಯ ಇನ್‌ಸ್ಪೆಕ್ಟರ್ ಒಮ್ಮೆ ಗೋಡೆಯ ಡ್ರೈವಾಲ್ ಮುಚ್ಚುವ ಮುಂಚೆ, ಒಮ್ಮೆ ಕ್ಲೋಸಿಂಗ್ ಮುಂಚೆ ನೋಡಲಿ. ಒಂದು ವರ್ಷದ ಬಿಲ್ಡರ್ ವಾರಂಟಿ ಇದ್ದರೆ ಹನ್ನೊಂದನೇ ತಿಂಗಳಲ್ಲಿ ಇನ್ನೊಮ್ಮೆ ನೋಡಿಸಿ, ಪಟ್ಟಿ ಮಾಡಿ ಬಿಲ್ಡರ್‌ಗೆ ಬರವಣಿಗೆಯಲ್ಲಿ ಕೊಡಿ.

ಇನ್ನು ಆಸ್ತಿ ತೆರಿಗೆ. ಹೊಸ ಮನೆ ತಗೊಂಡವರು ಎರಡನೇ ವರ್ಷ ಬೆಚ್ಚಿಬೀಳುವುದು ಇಲ್ಲೇ. ಟೆಕ್ಸಾಸ್‌ನಲ್ಲಿ ಜನವರಿ 1ರಂದು ಆಸ್ತಿ ಹೇಗಿದೆಯೋ ಹಾಗೆ ಬೆಲೆ ಕಟ್ಟುತ್ತಾರೆ. ಆ ದಿನ ಬರೀ ಖಾಲಿ ಸೈಟು ಇದ್ದರೆ ಆ ವರ್ಷದ ತೆರಿಗೆ ಸೈಟಿಗೆ ಮಾತ್ರ. ಸೈಟಿನ ಬೆಲೆ 80,000, ತೆರಿಗೆ ಶೇ. 2 ಅಂದುಕೊಂಡರೆ ತಿಂಗಳಿಗೆ 133 ಡಾಲರ್. ಮುಂದಿನ ವರ್ಷ 4,00,000 ಮನೆಯ ಲೆಕ್ಕದಲ್ಲಿ ತಿಂಗಳಿಗೆ 667. ತೆರಿಗೆ ಕಟ್ಟಲು ಲೆಂಡರ್ ನಿಮ್ಮ ಕಂತಿನ ಜೊತೆ ತಗೊಂಡು ಇಡುವ ಎಸ್ಕ್ರೋ ಖಾತೆಯಲ್ಲಿ ದುಡ್ಡು ಸಾಲದೆ ಬಾಕಿಯೂ ಸೇರಿ ಕಂತು ಒಮ್ಮೆಲೇ ಏರುತ್ತದೆ. ಪೂರ್ತಿ ಮನೆಯ ತೆರಿಗೆ ಲೆಕ್ಕದಲ್ಲೇ ಎಸ್ಕ್ರೋ ಇಡಿ ಅಂತ ಲೆಂಡರ್‌ಗೆ ಮೊದಲೇ ಹೇಳಿ. ಒಪ್ಪದಿದ್ದರೆ ಆ ವ್ಯತ್ಯಾಸವನ್ನು ಪ್ರತಿ ತಿಂಗಳು ಬೇರೆ ಖಾತೆಯಲ್ಲಿ ತೆಗೆದಿಡಿ. ವಿಎ ನಿಮಗೆ ಶೇ. 100 ಅಂಗವೈಕಲ್ಯದ ರೇಟಿಂಗ್ ಕೊಟ್ಟಿದ್ದರೆ ಟೆಕ್ಸಾಸ್‌ನಲ್ಲಿ ವಾಸದ ಮನೆಗೆ ಆಸ್ತಿ ತೆರಿಗೆಯೇ ಇಲ್ಲ, ಆದರೆ ಅದು ತಾನಾಗಿ ಬರುವುದಿಲ್ಲ. ಕ್ಲೋಸಿಂಗ್ ಆಗಿ ಮನೆಗೆ ಬಂದ ಕೂಡಲೇ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ, ಅಂದರೆ ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಕಚೇರಿಗೆ, ಅರ್ಜಿ ಹಾಕಿ.